ಕೋಡ್ ಹಾಕಿದರೆ ಕೋಡ್ ಥರವೇ ಕಾಣಬೇಕು

ಲ್ಯಾಪ್‌ಟಾಪ್ ಪರದೆಯಲ್ಲಿರುವ ಪ್ರೋಗ್ರಾಮ್ ಕೋಡಿನ ಫೋಟೊ ತೆಗೆದು ಗ್ರೂಪಿಗೋ ಫೋರಂಗೋ ಹಾಕಿ, ‘ಎಲ್ಲಿ ತಪ್ಪಾಗಿದೆ ಹೇಳಿ ಸಾರ್’ ಎನ್ನುವವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಫೋಟೊದಲ್ಲಿರುವ ಕೋಡನ್ನು ಓಡಿಸಿ ನೋಡುವುದು ಹೇಗೆ? ಇನ್ನು ಕೆಲವರು ಕೋಡನ್ನೇ ಅಂಟಿಸುತ್ತಾರೆ. ಆದರೆ ಅರ್ಧ ಚಿಹ್ನೆಗಳು ದಾರಿಯಲ್ಲೇ ಮಾಯ.

ಆಟೊ ಬಾಡಿಗೆಯ ಲೆಕ್ಕವನ್ನೇ ನೋಡಿ. ನಮ್ಮೂರಲ್ಲಿ ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು. ಅದಕ್ಕೆ 18*ಕಿಮೀ*1.5 ಎಂದು ಬರೆದಿರುತ್ತೀರಿ. ಪೋಸ್ಟ್‌ನಲ್ಲಿ ಅದು 18ಕಿಮೀ1.5 ಆಗಿರುತ್ತದೆ, ನಡುವಿನ ಕಿಮೀ ಓರೆಯಾಗಿ! ಇಂಥ ಎಷ್ಟೋ ತಾಣಗಳು ಬಳಸುವುದು ಮಾರ್ಕ್‌ಡೌನ್, ಅಂದರೆ ಸಾದಾ ಚಿಹ್ನೆಗಳಿಂದಲೇ ಬರಹಕ್ಕೆ ರೂಪ ಕೊಡುವ ಪದ್ಧತಿ. ಜಾನ್ ಗ್ರೂಬರ್ 2004ರಲ್ಲಿ ಹೊರತಂದ ಇದರಲ್ಲಿ ನಕ್ಷತ್ರ ಎಂದರೆ ಗುಣಾಕಾರವಲ್ಲ, ಓರೆ ಅಕ್ಷರದ ಗುರುತು. ಸಾಲಿನ ಶುರುವಿಗೆ # ಹಾಕಿ ಕೋಡಿನೊಳಗೆ ಬರೆದ ಕಾಮೆಂಟ್ (ಟಿಪ್ಪಣಿ) ದೊಡ್ಡ ತಲೆಬರಹವಾಗಿ ಕೂರುತ್ತದೆ. ಇದು ಕೋಡ್, ಮುಟ್ಟಬೇಡ ಅಂತ ನಾವೇ ಹೇಳಬೇಕು.

ಮೊದಲು, ಬೇಕಾದಷ್ಟೇ ಸಾಲು ಉಳಿಸಿ. ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆಯನ್ನು ಬಳಸಲು ಪ್ರೋಗ್ರಾಮಿಗೆ ಕೊಟ್ಟ ಗುಟ್ಟಿನ ಸಂಕೇತ) ಇದ್ದರೆ ತೆಗೆಯಿರಿ.

ಆಮೇಲೆ ಬೇಲಿ, ಅಂದರೆ ಕೋಡ್ ಎಲ್ಲಿಂದ ಎಲ್ಲಿವರೆಗೆ ಎಂದು ತೋರಿಸುವ ಗುರುತು. ಎಲ್ಲರೂ ಎಡವುವುದು ಇಲ್ಲೇ. ಕೋಡಿನ ಮೇಲೊಂದು, ಕೆಳಗೊಂದು ಸಾಲಿನಲ್ಲಿ ಮೂರು ಬ್ಯಾಕ್‌ಟಿಕ್ ಬೇಕು: ```. ಇದು ಎಂಟರ್ ಪಕ್ಕದ ಕೋಟ್ ಅಲ್ಲ. ಕೀಬೋರ್ಡ್‌ನಲ್ಲಿ 1 ಅಂಕಿಯ ಕೀಯ ಎಡಕ್ಕೆ, ಎಸ್ಕೇಪ್ ಕೆಳಗೆ ಇರುತ್ತದೆ. ಕನ್ನಡದಲ್ಲಿ ಟೈಪ್ ಮಾಡುತ್ತಿದ್ದರೆ ಮೊದಲು ಇಂಗ್ಲಿಷ್‌ಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಆ ಕೀ ಬೇರೇನೋ ಮೂಡಿಸಬಹುದು. ಐಫೋನ್‌ನಲ್ಲಿ ಒಂಟಿ ಕೋಟನ್ನು ಒತ್ತಿ ಹಿಡಿದರೆ ಸಿಗುತ್ತದೆ. ಕೆಳಗಿನ ಬೇಲಿಯ ಸಾಲಿನಲ್ಲಿ ಬೇರೆ ಏನೂ ಇರಬಾರದು. ‘ದಯವಿಟ್ಟು ನೋಡಿ’ ಅಂತ ಅಲ್ಲೇ ಮುಂದುವರಿಸಿದರೆ ಅದು ಬೇಲಿ ಎನಿಸುವುದಿಲ್ಲ, ಮುಂದಿನ ಬರಹವೆಲ್ಲ ಕೋಡಾಗಿ ಹೋಗುತ್ತದೆ. ಪಟ್ಟಿಯೊಳಗೆ ಕೋಡ್ ಹಾಕುವಾಗ ಬೇಲಿಯನ್ನೂ ಕೋಡನ್ನೂ ಆ ಅಂಶದ ಮೊದಲ ಅಕ್ಷರದ ನೇರಕ್ಕೆ ಒಳಗೆ ಸರಿಸಿ. ಇಲ್ಲವಾದರೆ ಪಟ್ಟಿ ಅಲ್ಲಿಗೇ ತುಂಡಾಗಿ, ಕೋಡ್ ಹೊರಗೆ ಬೀಳುತ್ತದೆ.

ಪ್ರತಿ ಸಾಲಿಗೆ ನಾಲ್ಕು ಸ್ಪೇಸ್ ಬಿಡುವ ಹಳೆಯ ದಾರಿಯೂ ಇದೆ. ಬೇಡ. ಮೇಲೆ ಖಾಲಿ ಸಾಲು ಬಿಡಲು ಮರೆತರೆ ಎಲ್ಲ ಒಂದೇ ಪ್ಯಾರಾ ಆಗುತ್ತದೆ, ಪೈಥಾನ್ ಭಾಷೆಯಲ್ಲಿ ಇಂಡೆಂಟ್ (ಸಾಲಿನ ಶುರುವಿನ ಖಾಲಿ ಜಾಗ) ಹಾಳಾದರೆ ಪ್ರೋಗ್ರಾಮೇ ಹಾಳು.

ಮೇಲಿನ ಬೇಲಿಗೆ ಅಂಟಿಸಿ ಪ್ರೋಗ್ರಾಮಿಂಗ್ ಭಾಷೆಯ ಹೆಸರನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಬರೆದರೆ, ಎಷ್ಟೋ ಕಡೆ ಕೋಡಿಗೆ ಬಣ್ಣ ಬರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾತ್ರ ಬರೆಯಬೇಡಿ, ಅಲ್ಲಿ ಹೆಸರೂ ಕೋಡಿನ ಜೊತೆ ಸುಮ್ನೆ ಕಾಣಿಸುತ್ತದೆ.

ವಾಕ್ಯದ ನಡುವೆ ಬರುವ ಕೋಡಿನ ಚಿಕ್ಕ ಹೆಸರಿಗೆ ಎರಡೂ ಬದಿ ಒಂದೊಂದು ಬ್ಯಾಕ್‌ಟಿಕ್ ಸಾಕು. ಒಳಗೇ ಒಂದು ಬ್ಯಾಕ್‌ಟಿಕ್ ಇದ್ದರೆ ಹೊರಗೆ ಎರಡೆರಡು.

ಇನ್ನೊಂದು ಕಾಟ ಇದೆ. ಕೋಡನ್ನು ವರ್ಡ್ ಫೈಲ್‌ನಲ್ಲೋ ಫೋನಿನ ನೋಟ್ಸ್‌ನಲ್ಲೋ ಇಟ್ಟುಕೊಳ್ಳುವವರಿದ್ದಾರೆ. ಅಲ್ಲಿ ಟೈಪ್ ಮಾಡಿದ ನೇರ ಕೋಟ್‌ಗಳು ಅಂದವಾಗಿ ಬಾಗಿರುತ್ತವೆ. ಕಣ್ಣಿಗೆ ವ್ಯತ್ಯಾಸ ಜಾಸ್ತಿ ಕಾಣುವುದಿಲ್ಲ, ಆದರೆ ಪೈಥಾನ್ ಅವನ್ನು ಒಪ್ಪುವುದಿಲ್ಲ. ಬೇಲಿ ಎಷ್ಟು ಗಟ್ಟಿಯಿದ್ದರೂ ಇದು ಸರಿಹೋಗದು. ಕೋಡ್ ಎಡಿಟರ್‌ನಿಂದಲೇ ಕಾಪಿ ಮಾಡಿ.

ಪ್ರಿವ್ಯೂ ಇದ್ದರೆ ನೋಡಿ ಕಳಿಸಿ. ಇಲ್ಲದಿದ್ದರೆ ಪೋಸ್ಟ್ ಆದ ಮೇಲೆ ಅಲ್ಲಿಂದಲೇ ಕಾಪಿ ಮಾಡಿ ಓಡಿಸಿ ನೋಡಿ. ಓಡದಿದ್ದರೆ, ಯಾರಾದರೂ ಉತ್ತರ ಬರೆಯುವ ಮೊದಲೇ ತಿದ್ದಿಬಿಡಿ.