ಅಧ್ಯಕ್ಷೆ ನಾನೇ, ಸಹಿಯೂ ನನ್ನದೇ: ನನ್ನ ಅನುಭವ

2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಆಯ್ತಲ್ಲ, ಆಗ ನಾನು ಸದಸ್ಯೆಯಾಗಿ ಗೆದ್ದೆ. ಮೊದಲ ಮೂವತ್ತು ತಿಂಗಳ ಅವಧಿ ಮುಗಿದು 2023ರಲ್ಲಿ ಮೀಸಲಾತಿ ಮಹಿಳೆಗೆ ಬಂತು, ಅಧ್ಯಕ್ಷೆಯಾದೆ. ಆದರೆ ಊರಿನವರು "ಅಧ್ಯಕ್ಷರೇ" ಅಂತ ಕರೆಯುತ್ತಿದ್ದದ್ದು ನಮ್ಮ ಯಜಮಾನರನ್ನು. ಅರ್ಜಿ ಹಿಡಿದು ಮನೆಗೆ ಬಂದವರೂ ನನ್ನನ್ನು ದಾಟಿಕೊಂಡು ಹೋಗಿ ಅವರ ಕೈಗೇ ಕೊಡುತ್ತಿದ್ದರು.

ಕರ್ನಾಟಕದಲ್ಲಿ 1987ರಲ್ಲೇ ಮಂಡಲ ಪಂಚಾಯಿತಿಗಳಲ್ಲಿ (ಈಗಿನ ಗ್ರಾಮ ಪಂಚಾಯಿತಿಗಳ ಹಾಗೆ ಆಗ ಇದ್ದದ್ದು) ಹೆಣ್ಣುಮಕ್ಕಳಿಗೆ ಶೇ. 25 ಸ್ಥಾನ ಸಿಕ್ಕಿತ್ತು. 2010ರಲ್ಲಿ ಅದು ಅರ್ಧಕ್ಕೆ ಏರಿತು. ಇಷ್ಟು ವರ್ಷ ಆದ ಮೇಲೂ ಎಷ್ಟೋ ಕಡೆ ಗಂಡನೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಮುಂದೆ ಗೆದ್ದು ಬರೋ ಹೆಣ್ಣುಮಕ್ಕಳಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಶುರು ಮಾಡಿದ್ದು ಡೊಂಗಲ್‌ನಿಂದ. ನೋಡೋಕೆ ಪೆನ್‌ಡ್ರೈವ್ ಥರ ಇರುತ್ತೆ, ಒಳಗಿರೋದು ಅಧ್ಯಕ್ಷರ ಡಿಜಿಟಲ್ ಸಹಿ. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಬಿಲ್ ಪಾವತಿ ಆಗಬೇಕಾದರೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ ಜೊತೆಗೆ ಇದೂ ಬೇಕಿತ್ತು. ನನ್ನದು ಯಜಮಾನರ ಬೈಕ್ ಕೀ ಜೊತೆ ಇರುತ್ತಿತ್ತು, ಪಾಸ್‌ವರ್ಡೂ ಅವರಿಗೇ ಗೊತ್ತು. ಒಂದು ಬೆಳಿಗ್ಗೆ ತಿಂಡಿ ಹೊತ್ತಲ್ಲಿ, "ರೀ, ಅದನ್ನ ಬಿಚ್ಚಿ ಕೊಡಿ" ಅಂದೆ.

"ನಿನಗ್ಯಾಕೆ ಆ ತಲೆನೋವು?"

"ನಾಳೆ ಲೆಕ್ಕ ಕೇಳಿದರೆ ಉತ್ತರ ಹೇಳಬೇಕಾದವಳು ನಾನು, ಅಲ್ವಾ?"

ದನಿ ಏರಿಸಲಿಲ್ಲ, ಕೈ ಚಾಚಿಕೊಂಡು ಸುಮ್ನೆ ನಿಂತೆ. ಕೊಟ್ಟರು. ಸ್ವಲ್ಪ ದಿನ ಮುಖ ಗಂಟಿಕ್ಕಿಕೊಂಡಿದ್ದರು, ಆಮೇಲೆ ಸರಿಹೋದರು.

ಮುಂದಿನ ಸಭೆಯಿಂದ ಖಾಲಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕುವುದನ್ನು ನಿಲ್ಲಿಸಿದೆ. "ಬರೆದು ಓದಿಬಿಡಿ ಸಾರ್, ಆಮೇಲೆ ಹಾಕ್ತೀನಿ" ಅಂದೆ. ನಾನು ಓದಿರೋದು ಎಸ್ಸೆಸ್ಸೆಲ್ಸಿ. ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಯಾವುದು ಅರ್ಥ ಆಗದಿದ್ದರೂ ಎಲ್ಲರ ಮುಂದೆಯೇ ಕೇಳುತ್ತಿದ್ದೆ. ಹೀಗೆಲ್ಲ ಕೇಳಿದರೆ ಮರ್ಯಾದೆ ಹೋಗುತ್ತೆ ಅಂತ ಹೆದರಿಸಿದ್ದರು. ಆಗಿದ್ದೇ ಬೇರೆ, ಅಷ್ಟು ದಿನ ಬಾಯಿ ಬಿಡದೆ ಕೂತಿದ್ದ ಇತರ ಸದಸ್ಯೆಯರೂ ಕೇಳೋಕೆ ಶುರು ಮಾಡಿದರು.

ಎಲ್ಲಕ್ಕಿಂತ ಜಾಸ್ತಿ ಧೈರ್ಯ ಕೊಟ್ಟಿದ್ದು ನೀರಿನ ವಿಷಯ. ಗ್ರಾಮಸಭೆಗೆ ಯಾರೋ ಭಾಷಣ ಬರೆದು ಕೊಡುತ್ತಿದ್ದರು, "ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯರೇ" ಅಂತ ಶುರುವಾಗುವಂಥದ್ದು, ಅದನ್ನು ಓದುವಾಗ ನನ್ನ ದನಿ ನನಗೇ ಬೇರೆಯವರದು ಅನ್ನಿಸೋದು. ಆ ಸಲ ಮೇಲಿನ ಬೀದಿಗೆ ನೀರು ಬರ್ತಿಲ್ಲ ಅಂತ ಗಲಾಟೆ ಎದ್ದಿತು. ಬೋರಲ್ಲೇ ನೀರು ಕಮ್ಮಿ, ಹೊಸ ಬೋರ್ ಕೊರೆಸಬೇಕು ಅನ್ನೋ ಮಾತು ಬಂತು. ನಾನು ಚೀಟಿ ಮಡಚಿಟ್ಟು ಮನೇಲಿ ಮಾತಾಡೋ ಹಾಗೇ ಮಾತಾಡಿದೆ: "ಬೋರಲ್ಲಿ ನೀರಿದೆ. ಕೆಳಗಿನ ಬೀದಿ ವಾಲ್ವ್ ಪೂರ್ತಿ ತಿರುಗಿಸಿಬಿಡ್ತಾರೆ, ಟ್ಯಾಂಕ್ ತುಂಬೋ ಮೊದಲೇ ಅಲ್ಲಿಗೆ ಇಳಿದುಹೋಗುತ್ತೆ. ಕರೆಂಟ್ ಬಂದಾಗ ರಾತ್ರಿ ಎದ್ದು ಬಿಂದಿಗೆ ಇಡೋಳು ನಾನು, ನನಗೆ ಗೊತ್ತಿಲ್ವಾ?" ನೀರುಗಂಟಿಯನ್ನು ಕರೆದು ಕೇಳಿದರು. ಹೌದು ಅಂದ. ಟ್ಯಾಂಕ್ ತುಂಬಿದ ಮೇಲೆ ಮೊದಲು ಮೇಲಿನ ಬೀದಿಗೆ ಬಿಡಬೇಕು, ಅಲ್ಲಿವರೆಗೂ ಕೆಳಗಿನ ವಾಲ್ವ್ ಮುಚ್ಚಿರಬೇಕು ಅಂತ ಅಲ್ಲೇ ತೀರ್ಮಾನ ಆಯ್ತು. ಹೊಸ ಬೋರ್ ಬೇಕಾಗಲಿಲ್ಲ.

ಭಾಷಣ ಬರೆಸೋದು ಅವತ್ತಿಗೇ ನಿಂತಿತು. ಮಹಿಳಾ ಗ್ರಾಮಸಭೆಯನ್ನು ಹೆಂಗಸರು ಕೂಲಿಗೆ ಹೋಗೋ ಹೊತ್ತಿನಿಂದ ತೆಗೆದು, ಸಂಜೆ ಡೈರಿಗೆ ಹಾಲು ಹಾಕಿ ಬರೋ ಹೊತ್ತಿಗೆ ಇಟ್ಟುಕೊಂಡೆ. ಜನ ಬಂದರು. ಅರ್ಜಿಗಳೂ ನನ್ನ ಕೈಗೇ ಬರತೊಡಗಿದವು.

ಹೊಸದಾಗಿ ಅಧ್ಯಕ್ಷೆ ಆಗುವವರಿಗೆ ಒಂದು ಮಾತು. ಡಿಜಿಟಲ್ ಸಹಿ ಮಾಡಿಸುವಾಗ ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಒಟಿಪಿ ನಿಮ್ಮ ಫೋನಿಗೇ ಬರಲಿ. ಪಾಸ್‌ವರ್ಡ್ ನೀವೇ ಹಾಕಿ, ಮನೆಯವರಿಗೂ ಹೇಳಬೇಡಿ.