ಗುಳ್ಳೆ ನಿಂತಿತು ಅಂತ ಬಾಟಲಿಗೆ ತುಂಬಬೇಡಿ

ಮನೆಯಲ್ಲಿ ಬಿಯರ್ ಮಾಡುವ ಅಮೆರಿಕದ ಗೆಳೆಯರಿಗೆ ಒಂದು ಸಲಹೆ. ಏರ್‌ಲಾಕ್ (ಬಕೆಟ್ ಮುಚ್ಚಳದ ಮೇಲಿನ, ಗ್ಯಾಸನ್ನು ಗುಳ್ಳೆಯಾಗಿ ಹೊರಬಿಡುವ ನೀರಿನ ಕೊಳವೆ) ನೋಡಿ ಹುದುಗು ಮುಗಿಯಿತು ಅಂತ ಹೇಳೋಕೆ ಆಗೋದಿಲ್ಲ. ಬಕೆಟ್ ಮುಚ್ಚಳ ಸ್ವಲ್ಪ ಸಡಿಲ ಇದ್ದರೂ ಗ್ಯಾಸ್ ಅಲ್ಲಿಂದಲೇ ಹೋಗುತ್ತದೆ, ಗುಳ್ಳೆ ಕಾಣೋದೇ ಇಲ್ಲ. ಇನ್ನು ಕೋಣೆ ಬಿಸಿಯಾದರೆ, ಹುದುಗು ಮುಗಿದ ಮೇಲೂ ಗುಳ್ಳೆ ಏಳುತ್ತದೆ.

ನಂಬಬೇಕಾದ್ದು ಹೈಡ್ರೋಮೀಟರನ್ನು, ಅಂದರೆ ದ್ರವದಲ್ಲಿ ತೇಲಿ ಅದರ ಸಾಂದ್ರತೆ ತೋರಿಸುವ ಗಾಜಿನ ಕಡ್ಡಿಯನ್ನು; ಸಕ್ಕರೆ ಕಡಿಮೆಯಾದಷ್ಟೂ ಅಂಕಿ ಇಳಿಯುತ್ತದೆ. ಸ್ಯಾಂಪಲ್ ತೆಗೆದು, ಎರಡು ಲೋಟಗಳ ನಡುವೆ ನಾಲ್ಕೈದು ಸಲ ಸುರಿದು ಗ್ಯಾಸ್ ಬಿಡಿಸಿ. ಹೈಡ್ರೋಮೀಟರ್ ಇಳಿಸಿ ಒಮ್ಮೆ ತಿರುಗಿಸಿ. ಮೈಗೆ ಗುಳ್ಳೆ ಅಂಟಿಕೊಂಡರೆ ಅದು ಮೇಲೆದ್ದು ಜಾಸ್ತಿ ತೋರಿಸುತ್ತದೆ. ಎರಡು ಮೂರು ದಿನ ಬಿಟ್ಟು ಮತ್ತೆ ನೋಡಿ. ಅಂಕಿ ಅಲುಗಾಡದಿದ್ದರೆ, ಹೆಚ್ಚುಕಮ್ಮಿ ಮುಗಿದ ಹಾಗೆ. 1.050ರಲ್ಲಿ ಶುರುವಾದ ಸಾಮಾನ್ಯ ಏಲ್ (ಒಂದು ಬಗೆಯ ಬಿಯರ್) 1.010ರಿಂದ 1.014ರ ಆಸುಪಾಸಿನಲ್ಲಿ ನಿಲ್ಲುತ್ತದೆ.

1.020ರಲ್ಲೇ ಕೂತುಬಿಟ್ಟರೆ ಅನುಮಾನ ಪಡಿ, ಹುದುಗು ಅರ್ಧಕ್ಕೇ ನಿಂತಿರಬಹುದು. ಬಕೆಟ್ಟನ್ನು ಸ್ವಲ್ಪ ಬೆಚ್ಚಗಿನ ಜಾಗಕ್ಕೆ ಸರಿಸಿ, ಮುಚ್ಚಳ ತೆಗೆಯದೆ ಮೆಲ್ಲಗೆ ಅಲ್ಲಾಡಿಸಿ, ತಳದ ಈಸ್ಟ್ ಏಳಲಿ. ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಹಾಕಿದ ಸ್ಟೌಟ್ (ಕಪ್ಪು ಬಿಯರ್) ಆದರೆ ಗಾಬರಿ ಬೇಡ, ಬಿಯರ್ ಈಸ್ಟ್ ಆ ಸಕ್ಕರೆಯನ್ನು ಮುಟ್ಟೋದಿಲ್ಲ. ಅವಸರಪಟ್ಟು ತುಂಬಿದರೆ ಉಳಿದ ಸಕ್ಕರೆ ಬಾಟಲಿಯೊಳಗೇ ಹುದುಗುತ್ತದೆ. ಗಾಜು ಸಿಡಿಯುತ್ತದೆ, ತಮಾಷೆ ಅಲ್ಲ.

ಅಳೆದ ಸ್ಯಾಂಪಲನ್ನು ಮತ್ತೆ ಬಕೆಟ್ಟಿಗೆ ಸುರಿಯಬೇಡಿ, ಸುಮ್ನೆ ಕುಡಿದು ನೋಡಿ. ಬೆಣ್ಣೆಯ ವಾಸನೆ ಬಂದರೆ ಅಂಕಿ ನಿಂತಿದ್ದರೂ ಇನ್ನೆರಡು ದಿನ ಬಿಡಿ, ಈಸ್ಟ್ ಅದನ್ನೂ ಸರಿಮಾಡುತ್ತದೆ.