ದಪ್ಪ ಹಳೇ ಶೈಲಿಯ ಫಾಂಟ್ ಹಾಕೋ ಮುಂಚೆ

ಪೋಸ್ಟರ್‌ಗೆ ಕೂಪರ್ ಬ್ಲ್ಯಾಕ್ ತರದ ದಪ್ಪ, ಹಳೇ ಕಾಲದ ಸೆರಿಫ್ (ಅಕ್ಷರದ ಗೆರೆಗಳ ತುದಿಯಲ್ಲಿ ಚಿಕ್ಕ ಚಾಚು ಇರೋ) ಫಾಂಟ್ ಹುಡುಕ್ತಿರೋರಿಗೆ ಒಂದು ಮಾತು. ಆಸ್ವಾಲ್ಡ್ ಕೂಪರ್ ಅದನ್ನು ವಿನ್ಯಾಸ ಮಾಡಿದ್ದು ಜಾಹೀರಾತಿನ ದೊಡ್ಡ ಅಕ್ಷರಗಳಿಗೆ, 1922ರಲ್ಲಿ ಬಂತು. ಅದರಲ್ಲಿ ಪ್ಯಾರಾಗಟ್ಟಲೆ ಬರೆದರೆ ಓದೋರ ಕಣ್ಣಿಗೆ ಶಿಕ್ಷೆ! ಶೀರ್ಷಿಕೆಗೆ ಮೂರ್ನಾಲ್ಕು ಪದ ಸಾಕು, ಉಳಿದದ್ದಕ್ಕೆ ಸರಳವಾದ ಫಾಂಟ್ ಇರಲಿ.

ಹೆಚ್ಚಿನವರು ಎಡವೋದು ಅಂತರದಲ್ಲಿ. ಅಕ್ಷರ ದೊಡ್ಡದಾದಷ್ಟೂ ನಡುವಿನ ಜಾಗ ಎದ್ದು ಕಾಣುತ್ತೆ, ಹಾಗಾಗಿ ಟ್ರ್ಯಾಕಿಂಗ್, ಅಂದ್ರೆ ಎಲ್ಲ ಅಕ್ಷರಗಳ ನಡುವಿನ ಒಟ್ಟಾರೆ ಅಂತರ, ಸ್ವಲ್ಪ ಬಿಗಿ ಮಾಡಿ. ಆಮೇಲೆ ಇಂಗ್ಲಿಷಿನ ಎ-ವಿ, ಟಿ-ಓ ಥರದ ಜೋಡಿಗಳನ್ನು ಕೈಯಾರೆ ಕರ್ನ್ ಮಾಡಿ, ಅಂದ್ರೆ ಆ ಎರಡು ಅಕ್ಷರಗಳ ನಡುವಿನ ಜಾಗ ಮಾತ್ರ ಸರಿಪಡಿಸಿ. ಪದವನ್ನು ತಲೆಕೆಳಗಾಗಿ ತಿರುಗಿಸಿ ನೋಡಿ. ಓದೋಕೆ ಆಗಲ್ಲವಲ್ಲ, ಆಗ ಆಕಾರ, ಅಂತರ ಮಾತ್ರ ಕಣ್ಣಿಗೆ ಬೀಳುತ್ತೆ. ನನಗಂತೂ ಯಾವ ಸಾಫ್ಟ್‌ವೇರ್‌ಗಿಂತ ಇದೇ ನಂಬಿಕೆ.

ಚಿಕ್ಕ ಗಾತ್ರದಲ್ಲೂ ಒಮ್ಮೆ ಪ್ರಿಂಟ್ ತೆಗೆದು ನೋಡಿ. ಈ ಫಾಂಟ್‌ಗಳಲ್ಲಿ ಇಂಗ್ಲಿಷಿನ ಇ, ಎ ಅಕ್ಷರಗಳ ಒಳಗಿನ ಖಾಲಿ ಜಾಗ ಕಿರಿದು, ಶಾಯಿ ಹರಡಿದರೆ ಮುಚ್ಚಿಹೋಗುತ್ತೆ. ಸಾಫ್ಟ್‌ವೇರಿನ ಬೋಲ್ಡ್ ಬಟನ್ ಒತ್ತಿ ಇನ್ನೂ ದಪ್ಪ ಮಾಡೋಕೆ ಹೋಗಲೇಬೇಡಿ. ಬಳ್ಳಿ, ಸುರುಳಿ ಇರೋ ಸ್ವಾಶ್ ಅಕ್ಷರ ಪದಕ್ಕೆ ಒಂದೇ ಇರಲಿ. ಹಾಂ, ಮಾರಾಟದ ಕೆಲಸವಾದರೆ ಲೈಸೆನ್ಸ್ ಮೊದಲೇ ಓದಿ. ಉಚಿತ ಅಂದದ್ದು ಎಷ್ಟೋ ಸಲ ಸ್ವಂತ ಬಳಕೆಗೆ ಮಾತ್ರ.